ದನಿಗಿಂತ ಮುಂದೆ ಓಡಿದ ಬೆರಳು

ಕೇಪ್ ಬ್ರೆಟನ್ ದ್ವೀಪದಲ್ಲಿ ಹೆಸರುಗಳಿಗೆ ಮೊದಲಿನಿಂದಲೂ ಬರ. ಮಕ್ಕಳಿಗೂ ಅವೇ ನಾಲ್ಕು ಹೆಸರು, ರಸ್ತೆಗಳಿಗೂ ಅವೇ ನಾಲ್ಕು. ಹಾಗಾಗಿ ಗ್ಲೇಸ್ ಬೇ ಪೇಟೆಯಲ್ಲಿ ಎಫಿ ರ್ಯಾಂಕಿನ್ ಎಲ್ಲಿ ಸಿಗುತ್ತಾಳೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಡ್ಯಾನ್ ರೋರಿಯ ಎಫಿ ಎಂದರೆ ಮಾತ್ರ ಅಪ್ಪ ಡ್ಯಾನ್, ಅಜ್ಜ ರೋರಿ, ಇಬ್ಬರೂ ಕಲ್ಲಿದ್ದಲ ಗಣಿಗೆ ಇಳಿದವರು, ಮಗಳು ಹುಟ್ಟುಕುರುಡಿ, ಬಾಯಿ ಮಾತ್ರ ಗಟ್ಟಿ ಎಂದು ಎಲ್ಲವೂ ಒಂದೇ ಉಸಿರಿಗೆ ಹೊರಬೀಳುತ್ತದೆ.

ಏಳು ವರ್ಷದವಳಿದ್ದಾಗ ಅವಳನ್ನು ಹ್ಯಾಲಿಫ್ಯಾಕ್ಸಿನ ಕುರುಡರ ಶಾಲೆಗೆ ಹಾಕಿದರು. ಅಲ್ಲಿಂದ ಬ್ರೈಲ್ ಅಕ್ಷರವನ್ನೂ, ಯಾರೂ ಕೈಹಿಡಿದು ನಡೆಸಬಾರದು ಎಂಬ ಹಟವನ್ನೂ ಕಲಿತು ಬಂದಳು. ಗಣಿಗಳು ಮುಚ್ಚಿ ಊರೆಲ್ಲ ಕೈಕಟ್ಟಿ ಕೂತ ಕಾಲದಲ್ಲಿ, ಪಾಳುಬಿದ್ದ ದಿನಸಿ ಅಂಗಡಿಯ ಕಟ್ಟಡದಲ್ಲಿ ಒಂದು ಕಾಲ್ ಸೆಂಟರ್ ತೆರೆಯಿತು. ದಾರಿಯಲ್ಲಿ ಕಾರು ಕೆಟ್ಟವರು, ಹಿಮದಲ್ಲಿ ಸಿಕ್ಕಿಬಿದ್ದವರು ಫೋನ್ ಮಾಡಿದರೆ ಎಲ್ಲಿದ್ದಾರೆಂದು ಕೇಳಿ ಬರೆದುಕೊಂಡು ಟೋಯಿಂಗ್ ಲಾರಿ ಕಳಿಸುವ ಕೆಲಸ. ಹಿಂದೆ ಮಾಂಸದ ಕೌಂಟರ್ ಇದ್ದ ಮೂಲೆಯಲ್ಲಿ ಎಫಿಯ ಮೇಜು. ಅಲ್ಲಿ ಅವಳು ಹತ್ತೊಂಬತ್ತು ವರ್ಷ ಕೂತಳು.

ಅವಳು ಕೆಲಸ ಮಾಡುವುದನ್ನು ನೋಡಲು ಹೊಸಬರು ಸುತ್ತ ನಿಲ್ಲುತ್ತಿದ್ದರು. ಎಡಗಿವಿಯಲ್ಲಿ ಫೋನಿನ ಗಿರಾಕಿ, ಬಲಗಿವಿಯಲ್ಲಿ ಕಂಪ್ಯೂಟರಿನ ಪರದೆಯನ್ನು ಓದಿ ಹೇಳುವ ಯಂತ್ರದ ದನಿ. ಆ ದನಿಯನ್ನು ಅವಳು ಓಡಿಸುತ್ತಿದ್ದ ವೇಗಕ್ಕೆ ಬೇರೆಯವರ ಕಿವಿಗೆ ಬೀಳುತ್ತಿದ್ದದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಸದ್ದು ಮಾತ್ರ. ಅವಳಿಗೆ ಮಾತ್ರ ಅದು ಅಕ್ಷರ ಅಕ್ಷರವಾಗಿ ಬಿಡಿಸಿಟ್ಟ ಹಾಗೆ ಕೇಳುತ್ತಿತ್ತು.

"ಇದ್ಯಾವ ಭಾಷೆ ಎಫಿ? ನಿಮ್ಮಜ್ಜಂದಿರ ಗೇಲಿಕ್ಕಾ?" ಎಂದು ಯಾರೋ ಒಮ್ಮೆ ಕೇಳಿದ್ದರು.

"ಗೇಲಿಕ್ ಆಗಿದ್ರೆ ಇಷ್ಟು ಬೇಗ ಮುಗೀತಿತ್ತಾ ಮಾರಾಯ? ಅದ್ರಲ್ಲಿ ಮೊದ್ಲು ಅಪ್ಪ ಹೇಗಿದಾನೆ, ಹಸು ಹೇಗಿದೆ ಅಂತ ಕೇಳ್ಬೇಕು. ಆಮೇಲೆ ಕಾರಿನ ವಿಷ್ಯ."

ಒಂದು ಫೋನನ್ನು ಎಷ್ಟು ಬೇಗ ಮುಗಿಸಿದರು ಎಂಬುದರ ಮೇಲೆ ಕಂಪನಿ ವಾರವಾರವೂ ಗೋಡೆಗೆ ಹೆಸರು ಹಚ್ಚುತ್ತಿತ್ತು. ಮೇಲಿನ ಹೆಸರು ಯಾವಾಗಲೂ ಎಫಿಯದೇ. ಆ ಗೋಡೆ ಅವಳಿಗೆ ಕಾಣುತ್ತಿರಲಿಲ್ಲ, ಆದರೂ ಅದರ ಮುಂದೆ ಹಾದುಹೋಗುವಾಗ ಬೆನ್ನು ನೆಟ್ಟಗಾಗುತ್ತಿತ್ತು. ಕಣ್ಣಿದ್ದವರ ಊರಿನಲ್ಲಿ, ಕಣ್ಣಿದ್ದವರ ಕೆಲಸದಲ್ಲಿ ಯಾರ ಕರುಣೆಯೂ ಇಲ್ಲದೆ ಮುಂದಿರುವುದು ಅವಳಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು.

ಐವತ್ತನಾಲ್ಕನೇ ವಯಸ್ಸಿನಲ್ಲಿ ಅದಕ್ಕೆ ಕುತ್ತು ಬಂತು.

ಆ ವರ್ಷದ ಮೇ ತಿಂಗಳಲ್ಲಿ ಟೊರಾಂಟೊದ ಮುಖ್ಯ ಕಚೇರಿಯವರಿಗೆ ಒಂದು ಹೊಸ ಹುಕಿ ಬಂತು. ಎಲ್ಲರ ಕಂಪ್ಯೂಟರುಗಳನ್ನೂ ಕಿತ್ತುಹಾಕಿ, ಮೇಜಿನ ಮೇಲೆ ಒಂದು ಪರದೆ, ಒಂದು ಅಂಗೈಯಗಲದ ಡಬ್ಬಿ ಮಾತ್ರ ಬಿಟ್ಟರು. ಇನ್ನು ಮೇಲೆ ಪ್ರತಿಯೊಬ್ಬರ ಕಂಪ್ಯೂಟರೂ ಟೊರಾಂಟೊದಲ್ಲಿರುವ ಒಂದು ದೊಡ್ಡ ಯಂತ್ರದ ಹೊಟ್ಟೆಯೊಳಗೆ. ವರ್ಚುವಲ್ ಮಷೀನ್ ಅಂತೆ. ಇದೆ ಎಂದರೆ ಇದೆ, ಮುಟ್ಟುತ್ತೇನೆ ಎಂದರೆ ಇಲ್ಲ. ಕಣ್ಣಿದ್ದವರಿಗೆ ಅದರಿಂದ ಏನೂ ಆಗಲಿಲ್ಲ. ಚಿತ್ರ ಅರೆಗಳಿಗೆ ತಡವಾಗಿ ಬಂದರೆ ಯಾರು ಕೇಳುತ್ತಾರೆ? ಆದರೆ ಎಫಿಯ ದನಿಯೂ ಈಗ ಟೊರಾಂಟೊದಲ್ಲಿ ಹುಟ್ಟಿ, ತಂತಿಯ ಮೇಲೆ ಅಷ್ಟು ದೂರ ನಡೆದು ಬರಬೇಕಾಯಿತು. ಅವಳು ಒಂದು ಕೀ ಒತ್ತಿದರೆ ಅದರ ಮಾತು ಬರುವಷ್ಟರಲ್ಲಿ ಇನ್ನೂ ನಾಲ್ಕು ಕೀ ಒತ್ತಿಯಾಗಿರುತ್ತಿತ್ತು. ಬಂದ ಮಾತಿಗೂ ತಲೆಯಿದ್ದರೆ ಬಾಲವಿಲ್ಲ, ಬಾಲವಿದ್ದರೆ ತಲೆಯಿಲ್ಲ.

ಕಂಪ್ಯೂಟರುಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು ಕ್ಲೈವ್ ಬೂಟಿಲಿಯರ್. ಎಫಿಯ ಓರಗೆಯವನು, ಪಕ್ಕದ ಬೀದಿಯಲ್ಲಿ ಬೆಳೆದವನು, ಹೆಂಡತಿ ಬಿಟ್ಟುಹೋದ ಮೇಲೆ ಸಮೋಸಾ ಮಾಡುವುದನ್ನು ಯೂಟ್ಯೂಬಿನಿಂದ ಕಲಿತು ಆಫೀಸಿಗೆಲ್ಲ ತಿನ್ನಿಸಿ ಪ್ರಾಣ ತೆಗೆಯುತ್ತಿದ್ದ ಆಸಾಮಿ. ಮೊದಲ ದಿನವೇ ಅವನನ್ನು ಎಫಿ ಕರೆಸಿಕೊಂಡಳು.

"ಕ್ಲೈವ್, ಈ ದನಿ ಕುಡ್ಕೊಂಡು ಬಂದಿದೆ ಕಣೋ."

ಅವನು ಅವಳ ಬಲಗಿವಿಯ ಇಯರ್‌ಫೋನನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ. "ನಂಗೇನೂ ಗೊತ್ತಾಗಲ್ಲ ಎಫಿ. ಯಾವಾಗ್ಲೂ ಹಿಂಗೇ ಗೊರಗೊರ ಅಂತಿತ್ತಲ್ಲ?"

"ನಿನ್ ಕಿವೀಲಿ ಮೇಣ ತುಂಬಿದೆ. ತಡವಾಗಿ ಬರ್ತಿದೆ. ಸಂತೆ ಮುಗಿದ ಮೇಲೆ ಬರೋ ನೆಂಟನ ಹಾಗೆ."

"ಆಯ್ತು ಮಾರಾಯ್ತಿ, ನೋಡ್ತೀನಿ. ಬೈಬೇಡ."

ಅವನು ನಿಜಕ್ಕೂ ನೋಡಿದ. ಟೊರಾಂಟೊದವರ ಕೈಕಾಲು ಹಿಡಿದು ಅವಳ ಪಾಲಿನ ಮಷೀನಿಗೆ ಮೆಮೊರಿ ಹೆಚ್ಚಿಸಿಕೊಂಡ. ಪರದೆಯ ಮೇಲೆ ಜಾರುವ, ಮಿನುಗುವ ಆಟಗಳನ್ನೆಲ್ಲ ನಿಲ್ಲಿಸಿದ. ಸದ್ದಿನ ಸೆಟ್ಟಿಂಗುಗಳನ್ನು ಒಂದೊಂದಾಗಿ ತಿರುವಿದ. ಕಂಪನಿ ಕೊಟ್ಟಿದ್ದ ಮನುಷ್ಯರಂಥ ಮೃದುವಾದ ಹೆಣ್ಣು ದನಿಯನ್ನು ತೆಗೆದು, ಎಫಿ ಕೆಲಸಕ್ಕೆ ಸೇರಿದಾಗಿನಿಂದ ಬಳಸಿದ ಹಳೆಯ ಒರಟು ಯಂತ್ರದನಿಯನ್ನೇ ಹಾಕಿಕೊಟ್ಟ. ಅದು ಹಗುರ, ಬೇಗ ಬಾಯಿಬಿಡುತ್ತದೆ. ಪ್ರತಿಸಲವೂ ಎರಡು ದಿನ ಚೆನ್ನಾಗಿರುತ್ತಿತ್ತು. ಮೂರನೇ ದಿನ, ಎಲ್ಲ ಊರಿನವರೂ ಒಟ್ಟಿಗೆ ಕೆಲಸಕ್ಕೆ ಕೂತ ಹೊತ್ತಿನಲ್ಲಿ, ಮತ್ತೆ ಅದೇ ತೊದಲು.

ಕೊನೆಗೆ ಅವನೊಂದು ಉಪಾಯ ಹುಡುಕಿದ. ಟೊರಾಂಟೊದಿಂದ ದನಿಯನ್ನೇ ಕಳಿಸುವುದು ಬೇಡ, ಅಕ್ಷರ ಮಾತ್ರ ಕಳಿಸಲಿ, ಅದನ್ನು ದನಿ ಮಾಡುವ ಕೆಲಸ ಎಫಿಯ ಮೇಜಿನ ಮೇಲಿನ ಡಬ್ಬಿಯೇ ಮಾಡಲಿ. ಅದಕ್ಕೆ ಅಲ್ಲೊಂದು, ಇಲ್ಲೊಂದು ಚಿಕ್ಕ ಪ್ರೋಗ್ರಾಮ್ ಹಾಕಬೇಕು, ಅಷ್ಟೇ. ಅದು ಭದ್ರತೆಯ ಪ್ರಶ್ನೆ, ಪರಿಶೀಲಿಸುತ್ತೇವೆ ಎಂದು ಟೊರಾಂಟೊ ಹೇಳಿತು. ದೊಡ್ಡ ಕಚೇರಿಗಳು ಪರಿಶೀಲಿಸುತ್ತೇವೆ ಎಂದರೆ ಏನರ್ಥ ಎಂಬುದು ಜಗತ್ತಿಗೆಲ್ಲ ಗೊತ್ತು. ಬೇಸಿಗೆ ಹೋಯಿತು, ಎಲೆ ಉದುರಿತು, ಹಿಮ ಬಿತ್ತು.

ಗೋಡೆಯ ಮೇಲೆ ಎಫಿಯ ಹೆಸರು ಇಳಿಯುತ್ತಾ ಹೋಯಿತು. ಹಿಮಕ್ಕೂ ಮೊದಲೇ, ಸೆಪ್ಟೆಂಬರಿನಲ್ಲಿ, ಡಾರ್ಲೀನ್ ಪೆಟ್ರಿ ಅವಳನ್ನು ಒಳಗೆ ಕರೆದಳು. ಡಾರ್ಲೀನ್ ಅಲ್ಲಿನ ಮ್ಯಾನೇಜರು. ಕೆಟ್ಟವಳಲ್ಲ. ಮೇಲಿನವರು ಹೇಳಿದ್ದನ್ನು ಕೆಳಗೆ ದಾಟಿಸುವಾಗ ಗಂಟಲು ಕಟ್ಟುವ ಜಾತಿ.

"ಎಫಿ, ನೀವೇನು ಅಂತ ನಂಗೆ ಗೊತ್ತು. ಆದ್ರೆ ಟೊರಾಂಟೊದೋರಿಗೆ ಅಂಕಿ ಮಾತ್ರ ಕಾಣ್ಸೋದು. ಹೀಗೇ ಇದ್ರೆ ಕ್ರಿಸ್‌ಮಸ್ ಆದ್ಮೇಲೆ ನಿಮ್ಮನ್ನ ಉಳಿಸ್ಕೊಳ್ಳೋದು ನನ್ ಕೈಲಿಲ್ಲ."

"ಯಂತ್ರ ಕುಂಟಿದ್ರೆ ನಾನು ಓಡೋದು ಹ್ಯಾಗಮ್ಮ?"

"ಅದನ್ನ ಬರ್ದಿದೀನಿ. ಬರೀತಾನೇ ಇದೀನಿ."

ಎಫಿ ಮನೆಗೆ ಹೋಗಿ ಚಹಾ ಮಾಡಿಕೊಂಡು ಒಬ್ಬಳೇ ಅತ್ತಳು. ಆ ಕೆಲಸ ಹೋದರೆ ಆ ದ್ವೀಪದಲ್ಲಿ ಅವಳಿಗೆ ಇನ್ನೊಂದು ಕೆಲಸ ಇರಲಿಲ್ಲ. ಉಳಿದದ್ದು ಸರ್ಕಾರದ ಪಿಂಚಣಿ, ಚರ್ಚಿನ ಹೆಂಗಸರ ಅಯ್ಯೋ ಪಾಪ.

ಮರುದಿನದಿಂದ ಅವಳು ಕುರುಡರಿಗೆ ಮಾತ್ರ ಹೊಳೆಯುವ ಒಂದು ಕೆಲಸ ಶುರುಮಾಡಿದಳು. ದನಿಗಾಗಿ ಕಾಯುವುದನ್ನೇ ಬಿಟ್ಟಳು. ಹೇಗೂ ಆ ಪರದೆಯ ಒಂದೊಂದು ಮನೆಯೂ ಅವಳ ಬೆರಳಿಗೆ ಬಾಯಿಪಾಠ. ಹೆಸರು, ಟ್ಯಾಬ್, ಫೋನ್, ಟ್ಯಾಬ್, ರಸ್ತೆ, ಕೆಳಬಾಣ, ಎಂಟರ್. ಮನೆಯ ಕತ್ತಲೆ ಮೆಟ್ಟಿಲನ್ನು ಯಾರು ಎಣಿಸಿ ಇಳಿಯುತ್ತಾರೆ? ಹಾಗೆಯೇ ಬೆರಳು ಮುಂದೆ ಓಡಿತು, ದನಿ ಹಿಂದಿನಿಂದ ಏದುಸಿರು ಬಿಡುತ್ತ ಬಂತು. ಮುಗಿದುಹೋದ ಮಾತನ್ನು ಅದು ಈಗ ಹೇಳುತ್ತಿದ್ದರೆ ತಲೆ ಕೆಡುತ್ತದೆ. ಅದಕ್ಕೆ ಎಫಿ ಅದನ್ನು ಕೇಳಿಯೂ ಕೇಳದಿರುವುದನ್ನು ಕಲಿತಳು. ಮೂವತ್ತು ವರ್ಷ ಸಂಸಾರ ಮಾಡಿದ ಹೆಂಗಸು ಗಂಡನ ಗೊಣಗಾಟವನ್ನು ಕೇಳಿಸಿಕೊಳ್ಳುವ ಹಾಗೆ, ಹೂಂ ಹೂಂ ಎನ್ನುತ್ತಾ.

ಕ್ರಿಸ್‌ಮಸ್ ಹೊತ್ತಿಗೆ ಅವಳ ಹೆಸರು ಗೋಡೆಯ ನಡುವಿಗೆ ಏರಿತ್ತು. ಕೆಲಸ ಉಳಿಯಿತು.

ಜನವರಿ ಕೊನೆಗೆ ಟೊರಾಂಟೊ ಅಂತೂ ಹೂಂ ಎಂದಿತು. ಮಾಂಕ್ಟನ್ ಪೇಟೆಯ ಕಚೇರಿಯಲ್ಲೂ ಇಬ್ಬರು ಕುರುಡರು ಇದೇ ಗೋಳಿನಲ್ಲಿದ್ದರು. ಮೊದಲು ಎಫಿಯ ಮೇಜಿನಲ್ಲಿ ಪರೀಕ್ಷೆ ಆಗಲಿ, ಸರಿಹೋದರೆ ಅವರಿಗೂ ಕೊಡೋಣ ಎಂದರು. ಎಷ್ಟು ಸರಿಹೋಯಿತು ಎಂಬುದಕ್ಕೆ ಸಾಕ್ಷಿ ಬೇಕಲ್ಲ, ಕ್ಲೈವ್ ಅವಳ ಕರೆಗಳ ರೆಕಾರ್ಡಿಂಗಿನಲ್ಲಿ ಗಿರಾಕಿಯ ಮಾತಿನ ಜೊತೆಗೆ ಯಂತ್ರದ ದನಿಯೂ, ಕೀಲಿಗಳ ಸದ್ದೂ ಸೇರುವ ಹಾಗೆ ಜೋಡಿಸಿದ. ಪ್ರೋಗ್ರಾಮ್ ಹಾಕಿ, "ಈಗ ಒತ್ತು," ಎಂದ.

ಎಫಿ ಒಂದು ಕೀ ಒತ್ತಿದಳು. ಬೆರಳು ಏಳುವ ಮೊದಲೇ ದನಿ ಬಂತು. ಇನ್ನೊಂದು ಒತ್ತಿದಳು. ಸುಮ್ಮನೆ ಮೇಲೆ ಕೆಳಗೆ ಓಡಾಡಿದಳು. ಅವಳ ಮುಖ ನೋಡಿ ಕ್ಲೈವ್‌ಗೆ ಗಾಬರಿಯಾಯಿತು.

"ಯಾಕೆ, ಸರಿ ಇಲ್ವಾ?"

"ಬಾಯ್ಮುಚ್ಚೋ. ಮನೆಗೆ ಬಂದಿದೆ ಅದು."

"ಇಷ್ಟು ದಿನ ನಿನ್ ದನೀನ ಟೊರಾಂಟೊದಲ್ಲಿ ಬೇಯ್ಸಿ ಡಬ್ಬಿಗೆ ಹಾಕಿ ಕಳಿಸ್ತಿದ್ರು. ಈಗ ಇಲ್ಲೇ ಬಿಸಿಬಿಸಿ."

"ನಿನ್ನ ಸಮೋಸಕ್ಕಿಂತ ಚೆನ್ನಾಗಿದೆ ಬಿಡು," ಎಂದಳು ಎಫಿ, ಕಣ್ಣೀರು ಒರೆಸಿಕೊಳ್ಳುತ್ತಾ. ಎರಡನೇ ವಾರಕ್ಕೆ ಗೋಡೆಯ ಮೇಲೆ ಅವಳ ಹೆಸರು ಮತ್ತೆ ತುದಿಗೆ ಬಂತು. ಡಾರ್ಲೀನ್ ಕೇಕ್ ತಂದಳು.

ಫೆಬ್ರವರಿಯಲ್ಲಿ ಬಿರುಗಾಳಿ ಎದ್ದ ದಿನ ಮಧ್ಯಾಹ್ನ ಒಂದು ಗಂಟೆಗೆ ಬಂದ ಕರೆ ಯೂನಿಸ್ ಸ್ಯಾಮ್ಸನ್ ಎಂಬ ಹೆಂಗಸಿನದು. ಗಂಡ ಲಿಯೋನ ಕಣ್ಣಿನ ಪರೀಕ್ಷೆ ಮುಗಿಸಿ ಊರಿಗೆ ವಾಪಸು ಹೊರಟವರು, ಚಾಪೆಲ್ ರೋಡಿನಲ್ಲಿ ಕಾರು ಹಿಮದ ರಾಶಿಗೆ ನುಗ್ಗಿ ಕೂತಿತ್ತು. ದ್ವೀಪದ ಎರಡು ತುದಿಯಲ್ಲಿ ಎರಡು ಚಾಪೆಲ್ ರೋಡ್ ಇವೆ, ಒಂದು ರಿಚ್ಮಂಡ್ ಕಡೆ, ಇನ್ನೊಂದು ಇನ್ವರ್ನೆಸ್ ಕಡೆ.

"ರಿಚ್ಮಂಡ್ ಕಡೆಯದು ತಾನೇ ಅಮ್ಮ?" ಎಂದು ಎಫಿ ಕೇಳಿದಳು.

"ಹೂಂ ಕಣಮ್ಮ, ರಿಚ್ಮಂಡು. ನೀನು ಯಾರ ಮಗಳು? ದನಿ ನಮ್ಮ ಕಡೇದೇ ಅನ್ಸತ್ತೆ."

"ಗ್ಲೇಸ್ ಬೇ. ಡ್ಯಾನ್ ರೋರಿಯ ಎಫಿ."

"ಅಯ್ಯೋ, ಡ್ಯಾನ್ ರೋರಿ ಜೊತೆ ನಮ್ಮ ಮಾವ ಗಣೀಲಿದ್ರು! ಲಿಯೋ, ಕೇಳ್ದಾ?"

ಎಫಿ ನಗುತ್ತ, ಸಮಾಧಾನ ಹೇಳುತ್ತ, ಬರೆದುಕೊಂಡಳು. ಹೊರಗೆ ಹೋಗಬೇಡಿ, ಕಾರಿನಲ್ಲೇ ಇರಿ, ಮುಕ್ಕಾಲು ಗಂಟೆಯಲ್ಲಿ ಲಾರಿ ಬರುತ್ತದೆ ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು. ಆ ದಿನ ಒಂದರ ಹಿಂದೆ ಒಂದು ಕರೆ ಬರುತ್ತಲೇ ಇತ್ತು.

ಮೂರು ಗಂಟೆ ದಾಟಿದ ಮೇಲೆ ಲಾರಿಯವನು ಫೋನ್ ಮಾಡಿದ. "ಏನ್ರೀ, ಇಲ್ಲಿ ಯಾವ ಕಾರೂ ಇಲ್ಲ. ಇಡೀ ಚಾಪೆಲ್ ರೋಡ್ ಎರಡು ಸಲ ಸುತ್ತಿದೆ."

"ರಿಚ್ಮಂಡ್ ಚಾಪೆಲ್ ರೋಡಾ?"

"ಯಾವ ರಿಚ್ಮಂಡು? ನೀವು ಕಳ್ಸಿದ್ದು ಇನ್ವರ್ನೆಸ್ಸಿಗೆ."

ಅದು ದ್ವೀಪದ ಆ ತುದಿ. ಎಫಿ ಯೂನಿಸಳ ಫೋನಿಗೆ ಮಾಡಿದಳು, ಅದು ಸತ್ತಿತ್ತು. ಇನ್ನೊಂದು ಲಾರಿ ಹೊರಡಿಸಿದಳು, ಪೊಲೀಸರಿಗೆ ಹೇಳಿದಳು, ಡಾರ್ಲೀನಳನ್ನು ಕೂಗಿದಳು. ಅವರು ತಲುಪಿದಾಗ ಯೂನಿಸ್ ಕಾರಿನಲ್ಲಿದ್ದಳು, ಬದುಕಿದ್ದಳು. ಬಿಸಿಗೆಂದು ಓಡುತ್ತಿದ್ದ ಕಾರಿನ ಹೊಗೆಯ ಕೊಳವೆ ಮುಚ್ಚಿ ಹೊಗೆ ಒಳಗೆ ತುಂಬದಿರಲಿ ಎಂದು ಮತ್ತೆ ಮತ್ತೆ ಇಳಿದು ಹಿಮ ಸರಿಸುತ್ತಿದ್ದ ಲಿಯೋ ಕಾರಿನ ಹಿಂದೆ ಬಿದ್ದಿದ್ದ. ಎಪ್ಪತ್ತೊಂದು ವರ್ಷ, ದುರ್ಬಲ ಹೃದಯ, ಅಷ್ಟು ಹೊತ್ತಿನ ಚಳಿ. ಬದುಕಿರಲಿಲ್ಲ.

ಆ ದ್ವೀಪದಲ್ಲಿ ಸತ್ತವರ ದರ್ಶನಕ್ಕೆ ಹೋಗದಿರುವವರು ಇಲ್ಲ. ಪರಿಚಯ ಇರಬೇಕೆಂದೇನೂ ಇಲ್ಲ, ಅಪ್ಪಂದಿರು ಒಟ್ಟಿಗೆ ಗಣಿಯಲ್ಲಿದ್ದರು ಎಂಬುದೇ ಸಾಕು. ಎಫಿಯನ್ನು ಕ್ಲೈವ್ ತನ್ನ ಗಾಡಿಯಲ್ಲಿ ಕರೆದುಕೊಂಡು ಹೋದ. ಮೊಟ್ಟೆಯ ಸ್ಯಾಂಡ್‌ವಿಚ್ಚಿನ, ಒದ್ದೆ ಕೋಟುಗಳ, ಹೂವಿನ ವಾಸನೆಯ ಹಾಲ್. ಸಾಲಿನಲ್ಲಿ ನಿಂತು ನಿಂತು ಅವಳು ಯೂನಿಸಳ ಮುಂದೆ ಬಂದು, "ತುಂಬ ದುಃಖವಾಯ್ತು," ಎಂದಳು. ಅಷ್ಟಕ್ಕೇ ಯೂನಿಸ್ ಅವಳ ಎರಡೂ ಕೈ ಹಿಡಿದುಕೊಂಡಳು.

"ಡ್ಯಾನ್ ರೋರಿಯ ಎಫಿ! ಫೋನಲ್ಲಿದ್ದೋಳು ನೀನೇ ಅಲ್ವಾ? ಆ ದನಿ ನಾನು ಮರೆಯಲ್ಲ ಕಣಮ್ಮ. ಎಷ್ಟು ಚೆನ್ನಾಗಿ ಮಾತಾಡ್ದೆ. ಕೊನೇಲಿ ಅವರು ನಕ್ಕಿದ್ದು ನಿನ್ ಮಾತಿಗೇ."

ಯಾರೋ ಎಫಿಯ ಕೈಗೆ ಚಹಾ ಕೊಟ್ಟರು, ಕುಡಿದಳು.

ವಾಪಸು ಬರುವಾಗ ಕ್ಲೈವ್ ಹೇಳಿದ: "ನನ್ ಪ್ರೋಗ್ರಾಮೇ ಕೈಕೊಟ್ಟಿರ್ಬೇಕು ಎಫಿ. ಅವತ್ತು ಗಾಳಿಗೆ ಲೈನು ಉಸಿರುಗಟ್ಟಿತ್ತು. ದನಿ ತಡವಾಗಿ ಬಂದಿರತ್ತೆ, ನೀನು ಸರಿಯಾಗಿದೆ ಅಂದ್ಕೊಂಡು ಎಂಟರ್ ಒತ್ತಿರ್ತೀಯ."

ಅವಳೂ ಹಾಗೇ ಇರಬೇಕು ಅಂದುಕೊಂಡಿದ್ದಳು. ಹಾಗೆ ಅಂದುಕೊಂಡರೆ ಮಾತ್ರ ನಿದ್ದೆ ಬರುತ್ತಿತ್ತು. "ಇರ್ಬಹುದು," ಎಂದಳು.

ಮುಂದಿನ ಬುಧವಾರ ವಿಚಾರಣೆ ಕರೆದರು. ಡಾರ್ಲೀನಳ ಕೋಣೆಯಲ್ಲಿ ಎಫಿ, ಕ್ಲೈವ್, ಡಾರ್ಲೀನ್. ಮೇಜಿನ ನಡುವಿನ ಫೋನಿನಲ್ಲಿ ಟೊರಾಂಟೊದ ಒಬ್ಬ ಅಧಿಕಾರಿ. ಅವನ ಮಾತು ಬೆಣ್ಣೆಯಂತಿತ್ತು. ಬಿರುಗಾಳಿಯ ಹಿಂದಿನ ದಿನ ರಸ್ತೆಗಳ ಪಟ್ಟಿಯ ಕ್ರಮ ಬದಲಾಗಿತ್ತಂತೆ. ಮೊದಲು ಹೆಚ್ಚು ಕರೆ ಬರುವ ಊರು ಮೇಲಿರುತ್ತಿತ್ತು, ಈಗ ಇಂಗ್ಲಿಷ್ ಅಕ್ಷರಮಾಲೆಯ ಸಾಲು. ಹಾಗಾಗಿ ರಿಚ್ಮಂಡ್ ಇದ್ದ ಜಾಗಕ್ಕೆ ಇನ್ವರ್ನೆಸ್ ಬಂದಿತ್ತು. ಕಣ್ಣಿದ್ದವರು ನೋಡಿ ಸರಿಯಾದದ್ದನ್ನು ಆರಿಸಿದರು. ಎಫಿಗೆ ಯಂತ್ರ ಸಕಾಲಕ್ಕೆ ಓದಿ ಹೇಳಲಿಲ್ಲ. ಆದ್ದರಿಂದ ಎಫಿಯ ತಪ್ಪೇನೂ ಇಲ್ಲ. ತಪ್ಪು, ಸ್ಥಳೀಯವಾಗಿ ಅಳವಡಿಸಿದ ಆ ಪ್ರೋಗ್ರಾಮಿನದು.

"ಅದನ್ನು ಇವತ್ತೇ ತೆಗೆಸ್ತೀವಿ," ಎಂದ ಅಧಿಕಾರಿ. "ಮಾಂಕ್ಟನ್ನಿಗೂ ಕೊಡೋದಿಲ್ಲ. ಮಿಸ್ಟರ್ ಬೂಟಿಲಿಯರ್ ಅವರ ವಿಷಯ ಬೇರೆಯಾಗಿ ಮಾತಾಡೋಣ."

ಬೇರೆಯಾಗಿ ಮಾತಾಡುವುದೆಂದರೆ ಕ್ಲೈವ್‌ನ ಅನ್ನಕ್ಕೆ ಕಲ್ಲು ಹಾಕುವುದು. ತಾನು ಒಬ್ಬ ಮನುಷ್ಯನನ್ನು ಕೊಂದೆ ಎಂದೇ ಅವನು ನಂಬಿಬಿಟ್ಟಿದ್ದ.

ನಿಯಮದ ಪ್ರಕಾರ ರೆಕಾರ್ಡಿಂಗ್ ಕೇಳಿಸಬೇಕಿತ್ತು. ಡಾರ್ಲೀನ್ ಹಾಕಿದಳು. ಯೂನಿಸಳ ಮಾತು, ಎಫಿಯ ನಗು, ನಡುನಡುವೆ ಸಾಸಿವೆ ಸಿಡಿದ ಸದ್ದು. ಮೂವರಿಗೆ ಅದು ಬರೀ ಸದ್ದು. "ಈ ಗಲಾಟೆ ಏನು?" ಎಂದು ಟೊರಾಂಟೊದವನು ಕೇಳಿದ. "ಅದೇ ಸ್ಕ್ರೀನ್ ರೀಡರ್ ಸರ್," ಎಂದಳು ಡಾರ್ಲೀನ್. ರೆಕಾರ್ಡಿಂಗ್ ಮುಗಿಯಿತು.

ಎಫಿ ಮಾತ್ರ ಕೇಳಿಸಿಕೊಂಡಿದ್ದಳು. ಕೋಣೆಯಲ್ಲಿದ್ದ ಯಾರಿಗೂ ಆ ಕಿವಿ ಇರಲಿಲ್ಲ. ಅವಳು ಸುಮ್ಮನಿದ್ದರೆ ಲೋಕದಲ್ಲಿ ಯಾರಿಗೂ ಎಂದೆಂದಿಗೂ ತಿಳಿಯುವಂತಿರಲಿಲ್ಲ. ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು. ಸುಮ್ಮನಿರಬೇಕು ಎಂದೇ ಅವಳಿಗೆ ಅನ್ನಿಸಿತು, ಒಂದು ಕ್ಷಣವಲ್ಲ, ಸಾಕಷ್ಟು ಹೊತ್ತು. ಪಕ್ಕದಲ್ಲಿ ಕ್ಲೈವ್ ಮೂಗಿನಿಂದ ಉಸಿರೆಳೆದುಕೊಳ್ಳುತ್ತಿದ್ದ, ಅಳು ತಡೆದುಕೊಳ್ಳುವ ಗಂಡಸರು ಎಳೆದುಕೊಳ್ಳುವ ಹಾಗೆ.

"ಕ್ಲೈವ್," ಎಂದಳು. "ಅದನ್ನ ನಿಧಾನಕ್ಕೆ ಓಡ್ಸೋಕಾಗತ್ತಾ?"

"ಯಾಕೆ?"

"ಓಡ್ಸು. ರಸ್ತೆ ಹೆಸರು ಬರೋ ಕಡೆ. ನಿಮ್ಗೆಲ್ಲ ಅರ್ಥವಾಗೋಷ್ಟು ನಿಧಾನಕ್ಕೆ."

ಅವನು ಎದ್ದು ಏನೇನೋ ಒತ್ತಿದ. ಯೂನಿಸಳ ಮಾತು ದಪ್ಪಗೆ, ಬಾವಿಯೊಳಗಿಂದ ಬಂದ ಹಾಗೆ ಬಂತು. ಆಮೇಲೆ ಬಾಣದ ಕೀಲಿ ಒತ್ತಿದ ಸದ್ದು. ಅದರ ಬೆನ್ನಿಗೇ, ಚೂರೂ ತಡವಿಲ್ಲದೆ, ಹಳೆಯ ಒರಟು ಯಂತ್ರದನಿ ಹೇಳಿತು: ಚಾಪೆಲ್ ರೋಡ್. ಇನ್ವರ್ನೆಸ್.

ಆಮೇಲೆ ಏನೂ ಇಲ್ಲ. ಖಾಲಿ. ಅದಾದ ಮೇಲೆ ಎಂಟರ್ ಕೀಲಿಯ ಸದ್ದು.

"ಕೇಳ್ತಲ್ಲ?" ಎಂದಳು ಎಫಿ. "ಅದು ಹೇಳಿತ್ತು. ಸರಿಯಾದ ಹೊತ್ತಿಗೇ ಹೇಳಿತ್ತು. ಪ್ರೋಗ್ರಾಮಿನದ್ದೇನೂ ತಪ್ಪಿಲ್ಲ. ತಡವಾಗಿ ಬರ್ತಿದ್ದ ಕಾಲದಲ್ಲಿ ನಾನು ಅದನ್ನ ಕೇಳೋದು ಬಿಟ್ಟಿದ್ದೆ. ಅದು ಸರಿಹೋಯ್ತು. ನಾನು ಸರಿಹೋಗ್ಲಿಲ್ಲ."

ಟೊರಾಂಟೊದವನು ಗಂಟಲು ಸರಿಮಾಡಿಕೊಂಡು, ಧನ್ಯವಾದ, ಎಂದ. ಕ್ಲೈವ್ ಹೊರಗೆ ಬಂದವನೇ ಅವಳ ಮೇಲೆ ರೇಗಿದ.

"ನಿಂಗೇನು ತಲೆ ಕೆಟ್ಟಿದ್ಯಾ? ಯಾರ್ ಕೇಳಿದ್ರು ನಿನ್ನ? ಎಂಟು ತಿಂಗ್ಳು ಆ ಯಂತ್ರ ತೊದ್ಲೋ ಹಾಗೆ ಮಾಡಿದ್ದು ಅವ್ರು. ಅವ್ರನ್ನ ಬಿಟ್ಟು ನಿನ್ನ ಕುತ್ತಿಗೆ ನೀನೇ ಕೊಡ್ತೀಯಲ್ಲೇ!"

"ಅವ್ರದ್ದೂ ಇದೆ ಕಣೋ. ಆದ್ರೆ ಬೆರಳು ನಂದು."

ಕ್ಲೈವ್ ಹೇಳಿದ್ದು ನಿಜವೇ. ಎಂಟು ತಿಂಗಳು ಅವಳನ್ನು ಆ ಗತಿಗೆ ತಂದವರ ಹೆಸರು ಯಾವ ಕಡತದಲ್ಲೂ ಬರಲಿಲ್ಲ. ಎಫಿಯ ಕೆಲಸ ಆ ವಾರವೇ ಹೋಯಿತು. ಪ್ರೋಗ್ರಾಮ್ ಉಳಿಯಿತು, ಕ್ಲೈವ್ ಉಳಿದ, ಮಾಂಕ್ಟನ್ನಿನ ಇಬ್ಬರಿಗೂ ಅದನ್ನು ಹಾಕಿಕೊಟ್ಟರು. ಅವರಲ್ಲೊಬ್ಬಳು ಎಫಿಗೆ ಫೋನ್ ಮಾಡಿ, ನಿಮ್ಮಿಂದ ಮತ್ತೆ ಉಸಿರಾಡುವ ಹಾಗಾಯಿತು ಎಂದಳು. ಎಫಿ ಅವಳಿಗೆ ಹೇಳಿದ್ದು ಒಂದೇ ಮಾತು: "ದಿನಕ್ಕೊಂದ್ಸಲ ವೇಗ ಇಳಿಸಿ, ಅದು ಹೇಳೋದನ್ನ ಪೂರ್ತಿ ಕೇಳಮ್ಮ."

ಆದರೆ ಯೂನಿಸ್ ಅವಳ ಕೈ ಹಿಡಿದು ಚೆನ್ನಾಗಿ ಮಾತಾಡಿದೆ ಎಂದದ್ದು ಗಂಟಲಲ್ಲಿ ಮುಳ್ಳಾಗಿ ಕೂತಿತ್ತು. ಕಂಪನಿಯವರು ಯೂನಿಸಳಿಗೆ ಕಳಿಸಿದ ಕಾಗದದಲ್ಲಿ ತಾಂತ್ರಿಕ ಅಡಚಣೆ ಎಂದಷ್ಟೇ ಇತ್ತಂತೆ. ಮಾರ್ಚಿನಲ್ಲಿ ಹಿಮ ಗಟ್ಟಿಯಾಗಿ ಗಾಜಾಗಿದ್ದ ಒಂದು ಬೆಳಿಗ್ಗೆ ಎಫಿ ಕ್ಲೈವ್‌ನನ್ನು ಕಾಡಿ ಬೇಡಿ ಯೂನಿಸಳ ಮನೆಗೆ ಹೊರಟಳು. ಅವನು ಕಾರಿನಲ್ಲೇ ಕೂತ. ಯೂನಿಸ್ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರ ಕೂರಿಸಿದಳು, ಕೆಟಲ್ ಇಟ್ಟಳು, ಓಟ್ ಬಿಸ್ಕತ್ತು ಮುಂದಿಟ್ಟಳು.

ಎಫಿ ಕೋಟು ಬಿಚ್ಚಲಿಲ್ಲ. ಎಲ್ಲವನ್ನೂ ಹೇಳಿದಳು. ಯಂತ್ರದ್ದು, ದನಿಯದು, ತಾನು ಕೇಳದೆ ಬಿಟ್ಟದ್ದು. ಸುತ್ತಿ ಬಳಸಿ ಹೇಳಲಿಲ್ಲ. ಹೇಳುವಷ್ಟರಲ್ಲಿ ಕೆಟಲ್ ಕೂಗಿ ಕೂಗಿ ಸುಸ್ತಾಗಿತ್ತು, ಅದನ್ನು ಇಳಿಸಲು ಯೂನಿಸ್ ಏಳಲಿಲ್ಲ.

ಆಮೇಲೆ ಯೂನಿಸ್ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಎಫಿಗೆ ಹೆದರಿಕೆಯಾದದ್ದು.

"ಆ ರಸ್ತೇಲಿ ಒಂದು ಮನೆ ಕಾಣ್ತಿತ್ತು. ದೂರ ಇರ್ಲಿಲ್ಲ. ಆಗಿನ್ನೂ ಗಾಳಿ ಜೋರಾಗಿರ್ಲಿಲ್ಲ. ಲಿಯೋ ಅಂದ್ರು, ನಡ್ಕೊಂಡು ಹೋಗ್ಬಿಡೋಣ ಯೂನಿಸ್, ಅಲ್ಲಿ ಯಾರಾದ್ರೂ ಇರ್ತಾರೆ ಅಂತ. ಕೋಟು ಹಾಕ್ಕೊಂಡು ಬಾಗ್ಲೂ ತೆಗ್ದಿದ್ರು. ನಾನೇ ಎಳ್ದು ಕೂರಿಸ್ದೆ. ಡ್ಯಾನ್ ರೋರಿಯ ಮಗಳು ಹೇಳಿದಾಳೆ, ಲಾರಿ ಬರತ್ತೆ ಅಂತ. ನಮ್ಮೋರ ಮಗಳು ಸುಳ್ಳು ಹೇಳಲ್ಲ ಅಂತ."

ಎಫಿಗೆ ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದು, ಅದನ್ನು ಹೇಳಲು ನಾಚಿಕೆಯಾಗಿ, ಅಲ್ಲೇ ನಿಂತಿತು. ಎದ್ದು ಕೋಲಿಗಾಗಿ ಗೋಡೆ ತಡಕಿದಳು.

ಯೂನಿಸ್ ಕೋಲನ್ನು ಅವಳ ಕೈಗೆ ಕೊಟ್ಟು, ತೋಳು ಹಿಡಿದುಕೊಂಡಳು. "ಮೆಟ್ಟಿಲು ಜಾರತ್ತೆ," ಎಂದಳು. ಒಂದೊಂದೇ ಮೆಟ್ಟಿಲು ಇಳಿಸಿದಳು, ಅಂಗಳದ ಮಂಜುಗಡ್ಡೆಯ ಮೇಲೆ ನಿಧಾನವಾಗಿ ನಡೆಸಿಕೊಂಡು ಬಂದಳು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ಯಾರಿಗೂ ಹಿಡಿಯಗೊಡದ ತೋಳನ್ನು ಎಫಿ ಬಿಡಿಸಿಕೊಳ್ಳಲಿಲ್ಲ. ಕಾರಿನ ಬಾಗಿಲು ತೆಗೆದು, ತಲೆ ತಾಗದ ಹಾಗೆ ಕೈ ಅಡ್ಡ ಇಟ್ಟು, ಯೂನಿಸ್ ಅವಳನ್ನು ಒಳಗೆ ಕೂರಿಸಿದಳು.

"ಇನ್ನು ಬರ್ಬೇಡ ಕಣಮ್ಮ," ಎಂದು ಹೇಳಿ ಬಾಗಿಲು ಹಾಕಿದಳು.